ಜ್ಯೋತಿಯ ಎಡಗೈ

ತನಗೆ ಇನ್ನೊಂದು ಕಡೆ ಗಂಡು ಗೊತ್ತಾಗಿದೆ ಎಂಬ ಸುದ್ದಿ ಪಾರ್ವತವ್ವನಿಗೆ ಬೇರೆಯವರ ಬಾಯಿಂದ ಮುಟ್ಟಬಾರದೆಂದು ಜ್ಯೋತಿ ತಾನೇ ಹೇಳಲು ಬಂದಳು. ಬನವಾಸಿಯಿಂದ ಆ ಹಳ್ಳಿಗೆ ಬಸ್ಸು ಕಡಿಮೆ. ಯಾರದೋ ಸ್ಕೂಟಿ ಇಸಿದುಕೊಂಡು ಬಂದಿದ್ದಳು. ಪಾರ್ವತವ್ವ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗಿ ಬಂದು ಪಕ್ಕದಲ್ಲಿ ಕುಳಿತು, ತಾನೂ ನಾಲ್ಕು ಕಾಯಿ ಎತ್ತಿಕೊಂಡು ಸುಲಿಯತೊಡಗಿದಳು.

ಜ್ಯೋತಿ ಈ ಮನೆಗೆ ಸೊಸೆಯಾಗಿ ಬರಬೇಕಾಗಿದ್ದವಳು. ಪಾರ್ವತವ್ವನ ಒಬ್ಬನೇ ಮಗ ವಿನೋದ ಪಿಕಪ್ ಗಾಡಿ ಇಟ್ಟುಕೊಂಡು ಬನವಾಸಿ ಸುತ್ತಲಿನ ಅನಾನಸ್ಸನ್ನು ಶಿರಸಿಗೆ, ಹುಬ್ಬಳ್ಳಿಗೆ ಸಾಗಿಸುತ್ತಿದ್ದ. ಹೋದ ವರ್ಷದ ಸಂಕ್ರಾಂತಿ ಕಳೆದ ಮೇಲೆ ಇಬ್ಬರಿಗೂ ನಿಶ್ಚಯವಾಗಿತ್ತು. ಬೇಸಿಗೆಯಲ್ಲಿ ಮದುವೆ ಎಂದು ಮಾತಾಗಿತ್ತು. ಶಿವರಾತ್ರಿ ಮುಗಿದ ವಾರ ಅಡಿಕೆ ಹಾಳೆ ತುಂಬಿಕೊಂಡು ಬರಲು ಸಿದ್ದಾಪುರದ ಕಡೆಯ ಕಾಡಂಚಿನ ಊರಿಗೆ ಹೋಗಿ ಬಂದವನಿಗೆ ಜ್ವರ ಹತ್ತಿತು. ಬಿಸಿಲಿನ ಜ್ವರವೆಂದು ಗುಳಿಗೆ ನುಂಗಿ ಮಲಗಿದ. ಅದು ಮಂಗನ ಕಾಯಿಲೆ, ಹಾಳೆಯ ರಾಶಿಯಲ್ಲಿ ಉಣುಗು ಕಚ್ಚಿರಬೇಕು ಎಂದು ಗೊತ್ತಾಗುವ ಹೊತ್ತಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವನು ತಿರುಗಿ ಬರಲಿಲ್ಲ.

ಆಮೇಲೂ ಜ್ಯೋತಿ ಬರುವುದನ್ನು ಬಿಟ್ಟಿರಲಿಲ್ಲ. ಹಬ್ಬ ಹುಣ್ಣಿಮೆಗೆ ಬರುವಳು, ಪಾರ್ವತವ್ವನ ಜಂಪರು ತಾನೇ ಹೊಲಿದು ತಂದುಕೊಡುವಳು, ನಿಶ್ಚಯದ ದಿನದಿಂದ ಕರೆಯುತ್ತಿದ್ದಂತೆ ಅತ್ತಿ ಎಂದೇ ಕರೆಯುವಳು. ಆ ಮಾತನ್ನು ಹೇಗೆ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಬುಟ್ಟಿಯ ಕಾಯಿ ಮುಗಿಯುತ್ತ ಬಂದಾಗ ಹುಡುಗಿ ಬಾಯಿ ತೆರೆದಳು. ಗಂಡು ಹಾನಗಲ್ಲಿನವನು, ಹೆಸರು ನವೀನ, ಬೀಜ ಗೊಬ್ಬರದ ಅಂಗಡಿ. ಹಿಂದಿನದೆಲ್ಲ ಗೊತ್ತಿದ್ದೇ ಒಪ್ಪಿದ್ದಾನೆ. ಒಳ್ಳೆಯವನ ಹಾಗೆ ಕಾಣುತ್ತಾನೆ. ಇಷ್ಟನ್ನು ಅವಳು ನೆಲ ನೋಡುತ್ತ ಹೇಳಿದಳು. ಪಾರ್ವತವ್ವ ಚಲೋ ಆತು ಎಂದಳು. ಆ ಮಾತು ಬರುವುದಕ್ಕೆ ಸ್ವಲ್ಪ ತಡವಾಯಿತು, ಆದರೆ ಮನಸ್ಸಿನಿಂದಲೇ ಬಂತು.

"ಅತ್ತಿ, ಇನ್ನೊಂದು ಮಾತು ಐತ್ರಿ," ಎಂದಳು ಜ್ಯೋತಿ. "ನೀವು ಬ್ಯಾಡ ಅಂದ್ರ ನಾ ಮಾಡಂಗಿಲ್ಲ."

ಅವಳು ಎಡಗೈ ಮೇಲಿನ ವೇಲು ಸರಿಸಿದಳು. ಮುಂಗೈಯ ಒಳಮೈಯಲ್ಲಿ, ಮಣಿಕಟ್ಟಿನಿಂದ ತುಸು ಮೇಲೆ, ದಪ್ಪ ಅಕ್ಷರದಲ್ಲಿ ವಿನೋದ ಎಂದು ಹಚ್ಚೆಯಿತ್ತು. ನಿಶ್ಚಯವಾದ ಹೊಸತರಲ್ಲಿ ಗೆಳತಿಯರ ಜೊತೆ ಬಟ್ಟೆ ತರಲು ಹುಬ್ಬಳ್ಳಿಗೆ ಹೋದವಳು ಅಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ದಾರಿ ಬದಿಯಲ್ಲಿ ಮೆಷಿನ್ ಇಟ್ಟುಕೊಂಡು ಕುಳಿತವನ ಕೈಯಲ್ಲಿ ಬರೆಸಿಕೊಂಡು ಬಂದಿದ್ದಳು. ಅದನ್ನು ನೋಡಿದ ದಿನ ವಿನೋದ ನಾಚಿಕೊಂಡು ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದ. ಊರ ಮಂದಿಗೆ ವಾರಗಟ್ಟಲೆ ಅದೇ ನಗೆಯಾಗಿತ್ತು.

ಈಗ ಅದನ್ನು ಮುಚ್ಚಿಸಬೇಕು ಎಂದು ಗಂಡಿನ ತಾಯಿ ಹೇಳಿ ಕಳಿಸಿದ್ದಳು. ಬಳೆ ಇಡಿಸುವ ದಿನ ಬೀಗರ ಹೆಂಗಸರೆಲ್ಲ ಕೈ ಹಿಡಿದು ನೋಡುತ್ತಾರೆ, ಒಬ್ಬೊಬ್ಬರಿಗೂ ಏನು ಹೇಳುವುದು ಎಂದು ಕೇಳಿದ್ದಳಂತೆ. ಜಬರಿಸಿ ಹೇಳಿದ್ದಲ್ಲ, ಬೇಡಿಕೊಂಡ ಹಾಗೆ ಹೇಳಿದ್ದು ಎಂದೂ ಜ್ಯೋತಿ ಸೇರಿಸಿದಳು.

ಪಾರ್ವತವ್ವನ ಕೈ ಸುಲಿಯುತ್ತಲೇ ಇತ್ತು. ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದಳು. ಅದು ಗೊತ್ತಾದಾಗ ಕೈ ನಿಲ್ಲಿಸಿದಳು.

"ಮುಚ್ಚಿಸ್ಕೋ ತಂಗಿ. ನನ್ನ ಕೇಳಾಕ ಬಂದಿಯಲ್ಲ, ಅಷ್ಟ ಸಾಕು ನನಗ."

ಮನೆಯಲ್ಲಿ ಈ ಮಾತು ಎತ್ತಿದಾಗ ಜ್ಯೋತಿಯ ತಾಯಿ, ಬರೆಸಿಕೊಳ್ಳುವಾಗ ನನ್ನನ್ನು ಕೇಳಿದ್ದೆಯೇನು, ಈಗಲೂ ನೀನೇ ಹೋಗಿ ಬಾ ಎಂದು ಸಿಟ್ಟಿನಿಂದ ಹೇಳಿದ್ದಳು. ಆ ಸಿಟ್ಟಿನಲ್ಲಿ ಅಳುವಿತ್ತು ಎಂಬುದು ಜ್ಯೋತಿಗೂ ಗೊತ್ತಿತ್ತು. ಗಂಡನಿಲ್ಲದ ಹೆಂಗಸು, ಮಗಳಿಗೆ ಇನ್ನೊಂದು ಗಂಡು ಸಿಕ್ಕೀತೋ ಇಲ್ಲವೋ ಎಂದು ಕೊರಗಿದವಳು. ಶಿರಸಿಯಲ್ಲಿ ಟ್ಯಾಟೂ ಹಾಕುವ ಹುಡುಗಿಯೊಬ್ಬಳಿದ್ದಾಳೆ, ಅವಳ ಹತ್ತಿರ ಹೋಗುತ್ತೇನೆ ಎಂದು ಜ್ಯೋತಿ ಹೇಳಿದಾಗ ಪಾರ್ವತವ್ವ ಒಬ್ಬಳೇ ಹೋಗಬೇಡ, ನಾನೂ ಬರುತ್ತೇನೆ ಎಂದುಬಿಟ್ಟಳು. ಹೇಳಿದ ಮೇಲೆ, ಯಾಕೆ ಹೇಳಿದೆನೋ ಎಂದು ಅವಳಿಗೇ ಅನಿಸಿತು.

ಗಂಡ ದ್ಯಾಮಪ್ಪ ಸಂಜೆ ಗದ್ದೆಯಿಂದ ಬಂದಾಗ ಅವನಿಗೆ ವಿಷಯ ತಿಳಿಸಿದಳು. ಅವನು ಕಾಲು ತೊಳೆಯುತ್ತಿದ್ದವನು ತಂಬಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದ. ಮಗ ಹೋದ ಮೇಲೆ ಪಿಕಪ್ ಮಾರಿದ್ದರು. ಕೊಂಡವನು ಮನೆಯ ಮುಂದೆಯೇ ಬ್ಲೇಡು ಹಿಡಿದು ಮುಂದಿನ ಗಾಜಿನ ಮೇಲಿದ್ದ ವಿನೋದನ ಹೆಸರನ್ನು ಕೆರೆದು ತೆಗೆದಿದ್ದ. ದ್ಯಾಮಪ್ಪ ಅದನ್ನು ನಿಂತು ನೋಡಿದ್ದ.

"ಗಾಡಿ ಮ್ಯಾಲಿಂದು ಹೋತು. ಈಗ ಈಕಿ ಕೈಮ್ಯಾಲಿಂದು," ಎಂದ. "ಇನ್ನ ಮ್ಯಾಲೆ ಆ ಹುಡುಗಿ ಈ ಮನಿಗೆ ಬರೋದು ಬ್ಯಾಡ ಅನ್ನು. ನೀನೂ ಹೋಗಬ್ಯಾಡ."

ಪಾರ್ವತವ್ವ ಎದುರಾಡಲಿಲ್ಲ. ಆದರೆ ಹೋದಳು.

ಟ್ಯಾಟೂ ಅಂಗಡಿ ಶಿರಸಿಯ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಡೆಟಾಲಿನ ವಾಸನೆ, ಹಲ್ಲಿನ ಡಾಕ್ಟರಲ್ಲಿ ಇರುವಂಥ ಕುರ್ಚಿ, ಗೋಡೆಯ ತುಂಬ ಹುಲಿ, ಹೂವು, ಶಿವನ ಚಿತ್ರಗಳು. ನಡೆಸುವವಳು ಸ್ಫೂರ್ತಿ, ಮೂವತ್ತರ ಆಸುಪಾಸಿನವಳು, ಕೂದಲು ಗಿಡ್ಡ ಕತ್ತರಿಸಿದವಳು. ಅವಳು ಕೈಗವಸು ಹಾಕಿಕೊಂಡು ಜ್ಯೋತಿಯ ಕೈಯನ್ನು ದೀಪದ ಕೆಳಗೆ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಚರ್ಮ ಅಲ್ಲಲ್ಲಿ ಉಬ್ಬಿತ್ತು. ಯಾರು ಹಾಕಿದ್ದು, ಸೂಜಿ ಇಷ್ಟು ಆಳಕ್ಕೆ ಹೋಗಬಾರದಿತ್ತು ಎಂದಳು. ಆಮೇಲೆ ತಮಾಷೆಗೆ, ಜಗಳ ಆಯ್ತಾ ಎಂದು ಕೇಳಿದಳು. ಹೆಸರು ಮುಚ್ಚಿಸಲು ಬರುವವರು ಬಹಳ ಮಂದಿ ಜಗಳವಾಡಿ ಬಿಟ್ಟವರೇ ಆಗಿರುತ್ತಿದ್ದರು.

ಜ್ಯೋತಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಪಾರ್ವತವ್ವ.

"ಅದು ನನ್ನ ಮಗನ ಹೆಸರವಾ. ತೀರಿಕೊಂಡಾನ."

ಸ್ಫೂರ್ತಿ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಕೈಗವಸು ತೆಗೆದು ಒಳಗೆ ಹೋಗಿ ಇಬ್ಬರಿಗೂ ನೀರು ತಂದುಕೊಟ್ಟಳು. ನಂತರ ಅವಳು ತಮಾಷೆ ಮಾಡಲಿಲ್ಲ. ಇದನ್ನು ಅಳಿಸುವುದು ತನ್ನಿಂದ ಆಗದು, ಇದಕ್ಕಿಂತ ಕಪ್ಪಾದ ಒಂದು ಚಿತ್ರವನ್ನು ಮೇಲೆ ಕೂರಿಸಿ ಮುಚ್ಚಬಹುದು ಅಷ್ಟೆ, ಅದನ್ನೂ ಈಗಲೇ ಮಾಡಲಿಕ್ಕಾಗದು ಎಂದು ತಿಳಿಸಿ ಹೇಳಿದಳು. ಚರ್ಮ ಒಣಗಿದೆ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು, ಬಿಸಿಲು ತಾಗಿಸಬಾರದು, ತುರಿಸಬಾರದು. ಮುಂದಿನ ತಿಂಗಳ ಕೊನೆಗೆ ಒಂದು ದಿನ ಕೊಟ್ಟಳು. ಹಿಂದಿನ ರಾತ್ರಿ ನಿದ್ದೆ ಮಾಡಬೇಕು, ನೋವಿನ ಗುಳಿಗೆ ತೆಗೆದುಕೊಳ್ಳಬಾರದು, ಹೊಟ್ಟೆ ತುಂಬ ಉಂಡು ಬರಬೇಕು, ಅಷ್ಟರೊಳಗೆ ಯಾವ ಚಿತ್ರ ಬೇಕೆಂದು ಯೋಚಿಸಿ ಫೋನಿಗೆ ಕಳಿಸಬೇಕು. ಪಾರ್ವತವ್ವ ಇದನ್ನೆಲ್ಲ ಡಾಕ್ಟರರ ಮಾತಿನಂತೆ ಮನಸ್ಸಿನಲ್ಲಿಟ್ಟುಕೊಂಡಳು.

ಎಣ್ಣೆ ಹಚ್ಚಲು ಜ್ಯೋತಿಗೆ ಬಲಗೈ ಇತ್ತು. ಮನೆಯಲ್ಲಿ ದಿನಾ ತಾನೇ ಹಚ್ಚಿಕೊಳ್ಳುತ್ತಲೂ ಇದ್ದಳು. ಆದರೂ ಎರಡು ಮೂರು ದಿನಕ್ಕೊಮ್ಮೆ ಸ್ಕೂಟಿ ಏರಿ ಬರುವಳು. ಅದೂ ಇಳಿಹೊತ್ತಿಗೆ, ಬಿಸಿಲು ತಗ್ಗಿದ ಮೇಲೆ. ಪಾರ್ವತವ್ವ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ ತಂದು ಅವಳ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುವಳು. ಈ ಕೈಗೆ ಅರಿಶಿನ ಹಚ್ಚಬೇಕಾಗಿದ್ದವಳು ತಾನು ಎಂಬುದು ಮೊದಮೊದಲು ಪ್ರತಿ ಸಲವೂ ನೆನಪಾಗುತ್ತಿತ್ತು. ಆಮೇಲೆ ಅದನ್ನು ನೆನೆಯದೆ ತಿಕ್ಕುವುದು ರೂಢಿಯಾಯಿತು.

ಆದರೆ ಅವಳು ಎಣಿಸಿರದ ಒಂದು ಸಂಗತಿ ನಡೆಯಿತು. ಎಣ್ಣೆ ಕುಡಿದು ಚರ್ಮ ಮೆತ್ತಗಾದಂತೆ, ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದ ಅಕ್ಷರಗಳು ದಿನದಿಂದ ದಿನಕ್ಕೆ ಕಪ್ಪಾಗಿ, ಚೊಕ್ಕವಾಗಿ ಎದ್ದು ಕಾಣತೊಡಗಿದವು. ಓದಲು ತಡವರಿಸುವ ಪಾರ್ವತವ್ವನಿಗೂ ಈಗ ದೂರದಿಂದಲೇ ಓದಲು ಬರುತ್ತಿತ್ತು. ಒಮ್ಮೆ ತಿಕ್ಕುತ್ತಿದ್ದ ಹೆಬ್ಬೆರಳು ಹೆಸರಿನ ಮೇಲೆಯೇ ನಿಂತಿತು. ಜ್ಯೋತಿ ಕೈ ಎಳೆದುಕೊಳ್ಳಲಿಲ್ಲ. ಹಟ್ಟಿಯಲ್ಲಿ ಎಮ್ಮೆ ಒದರುವವರೆಗೂ ಇಬ್ಬರೂ ಹಾಗೆಯೇ ಕುಳಿತಿದ್ದರು.

ದ್ಯಾಮಪ್ಪ ಮೊದಲೆಲ್ಲ ಸ್ಕೂಟಿ ಸದ್ದು ಕೇಳಿದೊಡನೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಒಂದು ದಿನ ಹೋಗಲಿಲ್ಲ. ಕಟ್ಟೆಯ ಆ ತುದಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದವನು, ಸೂಜಿ ಚುಚ್ಚುವಾಗ ಉರಿಯುತ್ತದೆಯೇನು ಎಂದು ಕೇಳಿದ. ಜ್ಯೋತಿ ಉರಿಯುತ್ತದೆ ಮಾವಾ ಎಂದಳು. ಅವನು ಎದ್ದು ಹತ್ತಿರ ಬಂದು ಬಗ್ಗಿ ನೋಡಿದ. ಊರೆಲ್ಲ ನೋಡಿದ್ದ ಆ ಹಚ್ಚೆಯನ್ನು ಅವನು ಅದುವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಸೊಸೆಯಾಗುವವಳ ಕೈಯನ್ನು ಮಾವನಾದವನು ಹೇಗೆ ದಿಟ್ಟಿಸಿ ನೋಡುವುದೆಂದು ಆಗ ಬಿಟ್ಟಿದ್ದ.

"ನೋ ಅನ್ನೋದಕ್ಕ ದೀರ್ಘ ಸರಿ ಎಳದಿಲ್ಲ ನೋಡವ," ಎಂದ. "ಅವಸರ ಮಾಡ್ಯಾನ ಹುಬ್ಬಳ್ಳಿಯಾಂವ."

ಅಷ್ಟು ಹೇಳಿ ಹೋಗಿ ಮತ್ತೆ ಹಗ್ಗದ ಮುಂದೆ ಕುಳಿತ. ಅದಾದ ಮೇಲೆ ಜ್ಯೋತಿ ಬಂದರೆ ಎದ್ದು ಹೋಗುತ್ತಿರಲಿಲ್ಲ.

ಚಿತ್ರದ ಮಾತು ಮಾತ್ರ ಬಗೆಹರಿಯಲಿಲ್ಲ. ನವೀನ ಫೋನಿನಲ್ಲಿ ನಿನಗೆ ಬೇಕಾದ್ದು ಹಾಕಿಸಿಕೋ ಎಂದಿದ್ದ. ಜ್ಯೋತಿಗೆ ಬೇಕಾದದ್ದು ಏನೂ ಇರಲಿಲ್ಲ. ಕೊನೆಗೊಂದು ದಿನ ಅವಳ ಕಣ್ಣು ಪಾರ್ವತವ್ವನ ಮುಂಗೈ ಮೇಲೆ ಬಿತ್ತು. ಅಲ್ಲಿ ಹಸಿರು ಹಚ್ಚೆಯಿತ್ತು. ಪಾರ್ವತವ್ವ ಮೈನೆರೆಯುವ ಮೊದಲು, ತವರಿನ ಅಂಗಳಕ್ಕೆ ಬಂದ ಹಚ್ಚೆಯ ಹೆಂಗಸು ಹಾಡು ಹೇಳುತ್ತ ಚುಚ್ಚಿದ್ದು. ಒಂದು ತೊಟ್ಟಿಲು, ಅದರ ಸುತ್ತ ಚುಕ್ಕೆಗಳು. ಗೆರೆಗಳು ಹರಡಿ ಮಸುಕಾಗಿದ್ದವು. ಇದನ್ನೇ ಹಾಕಿಸಿಕೊಳ್ಳುತ್ತೇನೆ ಎಂದು ಜ್ಯೋತಿ ಆ ಕೈಯ ಫೋಟೋ ತೆಗೆದು ಅಲ್ಲಿಂದಲೇ ಸ್ಫೂರ್ತಿಗೆ ಕಳಿಸಿದಳು. ಹೇಳುವಾಗ ಅವಳ ಮುಖ ಎಷ್ಟೋ ತಿಂಗಳ ಮೇಲೆ ಅರಳಿತ್ತು. ಪಾರ್ವತವ್ವನ ಮನಸ್ಸೂ ಒಂದು ಗಳಿಗೆ ಆಸೆಪಟ್ಟಿತು.

ಸ್ವಲ್ಪ ಹೊತ್ತಿನಲ್ಲಿಯೇ ಸ್ಫೂರ್ತಿಯ ಫೋನು ಬಂತು. ಚಿತ್ರ ಬಹಳ ಚೆನ್ನಾಗಿದೆ, ಆದರೆ ಇದರಿಂದ ಹೆಸರು ಮುಚ್ಚುವುದಿಲ್ಲ, ಗೆರೆಗಳ ಸಂದಿಯಲ್ಲಿ ಅಕ್ಷರ ಹಾಗೆಯೇ ಕಾಣುತ್ತದೆ, ಒತ್ತಾಗಿ ಕಪ್ಪು ತುಂಬುವಂಥ ಅಗಲ ಎಲೆಗಳೋ ಮತ್ತೇನೋ ಆಗಬೇಕು ಎಂದಳು. ಜ್ಯೋತಿ ಫೋನು ಕೆಳಗಿಟ್ಟು, ಹಾಗಾದರೆ ತೊಟ್ಟಿಲನ್ನು ಬಲಗೈಗೆ ಹಾಕಿಸಿಕೊಳ್ಳುತ್ತೇನೆ ಎಂದಳು.

"ಬ್ಯಾಡ," ಎಂದಳು ಪಾರ್ವತವ್ವ. "ಆ ಮನಿಗೆ ನಮ್ಮ ಗುರುತು ಒಯ್ಯಬ್ಯಾಡ ತಂಗಿ. ಆ ಹುಡುಗ ಏನೂ ಅನ್ನಾಕಿಲ್ಲ, ಖರೆ. ಆದ್ರ ನೀ ದಿನಾ ನೋಡ್ತಿ. ನೀನು ಅಲ್ಲಿ ಸುಖದಿಂದ ಇರಬೇಕು."

ಹುಡುಗಿ ಅತ್ತಳು. ಪಾರ್ವತವ್ವ ಅವಳ ಕೈಗೆ ಹಚ್ಚಿ ಉಳಿದ ಎಣ್ಣೆಯನ್ನು ಅವಳ ನೆತ್ತಿಗೆ ಹಚ್ಚಿದಳು. ಎಲೆಗಳನ್ನೇ ಹಾಕಲಿ ಎಂದು ಸ್ಫೂರ್ತಿಗೆ ಹೇಳಿದ್ದಾಯಿತು.

ಸ್ಫೂರ್ತಿ ಗೊತ್ತುಮಾಡಿದ ದಿನ ಬೆಳಿಗ್ಗೆ ಪಾರ್ವತವ್ವ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಬುತ್ತಿ ಕಟ್ಟಿಕೊಂಡಳು. ಬಸ್ಸಿಗೆ ಹೊರಟಾಗ ದ್ಯಾಮಪ್ಪ ಒಗೆದ ಅಂಗಿ ತೊಟ್ಟು ಹಿಂದೆ ಬಂದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಬನವಾಸಿಯಲ್ಲಿ ಜ್ಯೋತಿ ಹತ್ತಿದಳು. ಸಡಿಲ ತೋಳಿನ ಚೂಡಿದಾರ ಹಾಕಿದ್ದಳು. ನಿದ್ದೆ ಬಂತೇ, ನೆಗಡಿ ಗಿಗಡಿ ಇಲ್ಲವಲ್ಲ, ಗುಳಿಗೆ ನುಂಗಿಲ್ಲವಲ್ಲ ಎಂದು ಪಾರ್ವತವ್ವ ಒಂದೊಂದಾಗಿ ವಿಚಾರಿಸಿದಳು. ನಿದ್ದೆಯ ಮಾತಿಗೆ ಮಾತ್ರ ಹುಡುಗಿ ಕಿಟಕಿಯ ಕಡೆ ತಿರುಗಿದಳು.

ಶಿರಸಿಯಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದರು. ಜ್ಯೋತಿಗೆ ಒಂದು ತುತ್ತೂ ಇಳಿಯಲಿಲ್ಲ. ಉಣ್ಣದಿದ್ದರೆ ತಲೆ ತಿರುಗುತ್ತದೆ ಎಂದು ಆ ಟ್ಯಾಟೂ ಹುಡುಗಿ ಹೇಳಿದ್ದಾಳೆ ಎನ್ನುತ್ತ ಪಾರ್ವತವ್ವ ರೊಟ್ಟಿ ಮುರಿದು, ಪಲ್ಯ ಸುತ್ತಿ, ಹೋಗುವ ಬರುವ ಮಂದಿಯ ಎದುರೇ ತನ್ನ ಕೈಯಿಂದ ಬಾಯಿಗಿಟ್ಟಳು. ದ್ಯಾಮಪ್ಪ ನೀರಿನ ಬಾಟಲಿ ಹಿಡಿದು ನಿಂತಿದ್ದ. ಅಂಗಡಿಯ ಮೆಟ್ಟಿಲವರೆಗೆ ಬಂದವನು ಮೇಲೆ ಹತ್ತಲಿಲ್ಲ. ಎದುರಿನ ಚಹಾದ ಅಂಗಡಿಯಲ್ಲಿ ಕುಳಿತಿರುತ್ತೇನೆ ಎಂದ.

ಸ್ಫೂರ್ತಿ ಎಲ್ಲ ಸಜ್ಜು ಮಾಡಿಟ್ಟಿದ್ದಳು. ಕೈಯನ್ನು ತೊಳೆದು, ಸಣ್ಣ ರೋಮವನ್ನೆಲ್ಲ ಬ್ಲೇಡಿನಿಂದ ತೆಗೆದು, ಎಲೆಗಳ ಚಿತ್ರದ ಹಾಳೆಯನ್ನು ಒತ್ತಿ ಅದರ ಗೆರೆಗಳನ್ನು ಚರ್ಮದ ಮೇಲೆ ಮೂಡಿಸಿದಳು. ನೀಲಿ ಗೆರೆಯ ಎಲೆಗಳ ಕೆಳಗೆ ಹೆಸರು ಇನ್ನೂ ನಿಚ್ಚಳವಾಗಿತ್ತು. ಶುರು ಮಾಡುವ ಮೊದಲು ಅವಳು ಪಾರ್ವತವ್ವನ ಕಡೆ ತಿರುಗಿ ಹೇಳಿದಳು:

"ಅಮ್ಮ, ನೀವು ಬೇಕಾದ್ರೆ ಹೊರಗೆ ಕೂತ್ಕೊಳ್ಳಿ. ನೋಡ್ಲಿಕ್ಕೆ ಕಷ್ಟ ಆಗ್ತದೆ."

ಪಾರ್ವತವ್ವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಜ್ಯೋತಿಯ ಬಲಗೈ ಹಿಡಿದು ಕುಳಿತಳು.

ಮೆಷಿನ್ ಗುಂಯ್‌ಗುಡತೊಡಗಿತು. ಮೊದಲ ಎಲೆಯ ಅಂಚು ಮೂಡಿ, ಒಳಗೆ ಕಪ್ಪು ತುಂಬುತ್ತ ಬಂದಂತೆ ವಿ ಅಕ್ಷರದ ತಲೆ ಹೋಯಿತು, ಆಮೇಲೆ ಹೊಟ್ಟೆ ಹೋಯಿತು. ಸ್ಫೂರ್ತಿ ನಡುನಡುವೆ ಒದ್ದೆ ಬಟ್ಟೆಯಿಂದ ರಕ್ತ ಬೆರೆತ ಮಸಿಯನ್ನು ಒರೆಸುತ್ತಿದ್ದಳು. ಒರೆಸಿದಾಗಲೆಲ್ಲ ಪಾರ್ವತವ್ವ ಬಗ್ಗಿ ನೋಡುವಳು. ಜ್ಯೋತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನೋವಿಗೆ ಅವಳ ಬಲಗೈ ಆಗಾಗ ಬಿಗಿಯುತ್ತಿತ್ತು. ನೋ ಅಕ್ಷರ ಬಹಳ ಹೊತ್ತು ತೆಗೆದುಕೊಂಡಿತು. ಅದರ ದೀರ್ಘ ಒಂದು ಎಲೆಯ ನಡುನರದಲ್ಲಿ ಸೇರಿಹೋಯಿತು.

ದ ಅಕ್ಷರವೊಂದೇ ಉಳಿದಾಗ ಜ್ಯೋತಿ ತಿರುಗಿ ನೋಡಿದಳು. ನೋಡಿದವಳೇ ಕೈ ಎಳೆದುಕೊಂಡು ಎದೆಗೆ ಒತ್ತಿಕೊಂಡಳು. ಮಸಿಯೆಲ್ಲ ಬಟ್ಟೆಗೆ ಹತ್ತಿತು.

"ಸಾಕು ಬಿಡ್ರಿ," ಎಂದಳು. "ಇಷ್ಟು ಇರಲಿ. ಇದೊಂದ್ರಿಂದ ಯಾರಿಗೂ ಏನೂ ತಿಳಿಯಂಗಿಲ್ಲ."

ಸ್ಫೂರ್ತಿ ಮೆಷಿನ್ ನಿಲ್ಲಿಸಿ ಪಾರ್ವತವ್ವನ ಮುಖ ನೋಡಿದಳು. ಇರಲಿ ಬಿಡು ಎನ್ನುವ ಮಾತು ಪಾರ್ವತವ್ವನ ನಾಲಿಗೆಯ ತುದಿಗೆ ಬಂದಿತ್ತು. ಒಂದಕ್ಷರ, ಅದೂ ಎಲೆಗಳ ಸಂದಿಯಲ್ಲಿ, ಇದ್ದರೆ ಯಾರಿಗೇನು. ಆ ಮಾತನ್ನು ಅವಳು ನುಂಗಿಕೊಂಡಳು. ಆಮೇಲೆ ಜ್ಯೋತಿಯ ಎಡಗೈಯನ್ನು ಎದೆಯಿಂದ ಬಿಡಿಸಿ ದೀಪದ ಕೆಳಗೆ ತಂದು ಎರಡೂ ಕೈಯಿಂದ ಹಿಡಿದಿಟ್ಟಳು.

"ಮುಗಸವಾ," ಎಂದಳು ಸ್ಫೂರ್ತಿಗೆ. "ನಾ ಹಿಡಕೊಂಡಿರ್ತೇನಿ."

ಮುಗಿಯುವವರೆಗೂ ಅವಳು ಕೈ ಬಿಡಲಿಲ್ಲ. ಜ್ಯೋತಿ ಬಿಕ್ಕುತ್ತಿದ್ದರೆ ಸ್ಫೂರ್ತಿ ಸೂಜಿ ಎತ್ತಿ ಕಾಯುವಳು, ಬಿಕ್ಕು ನಿಂತ ಮೇಲೆ ಮತ್ತೆ ಹಚ್ಚುವಳು. ಕೊನೆಯ ಎಲೆ ತುಂಬಿದ ಮೇಲೆ ಕೈ ಒರೆಸಿ ಮುಲಾಮು ಹಚ್ಚಿ ಪ್ಲಾಸ್ಟಿಕ್ ಸುತ್ತಿದಳು. ಕಪ್ಪು ಹಸಿರಿನ ಅಗಲ ಎಲೆಗಳ ಬಳ್ಳಿಯೊಂದು ಮಣಿಕಟ್ಟಿನಿಂದ ಮೇಲಕ್ಕೆ ಹೋಗಿತ್ತು. ಹುಡುಕಿದರೂ ಅಕ್ಷರ ಸಿಗುವಂತಿರಲಿಲ್ಲ. ಪಾರ್ವತವ್ವ ಒಳ್ಳೆಯ ಕೆಲಸ ಎಂದು ಸ್ಫೂರ್ತಿಯ ತಲೆ ಸವರಿದಳು. ಸ್ಫೂರ್ತಿ ಮುಖ ತಿರುಗಿಸಿಕೊಂಡು ಸೂಜಿಗಳನ್ನು ಡಬ್ಬಿಗೆ ಹಾಕತೊಡಗಿದಳು.

ಕೆಳಗೆ ದ್ಯಾಮಪ್ಪ ಎದ್ದು ನಿಂತ. ಜ್ಯೋತಿಯ ಕೈ ಕಡೆ ನೋಡದೆ ಮೂವರಿಗೂ ಚಹಾ ಹೇಳಿದ. ಜ್ಯೋತಿ ಶಿರಸಿಯಲ್ಲಿಯೇ ಇರುವ ಸೋದರಮಾವನ ಮನೆಗೆ ಹೋಗುವವಳಿದ್ದಳು. ಅವಳು ಹೊರಟು ನಿಂತು, ಬರುತ್ತೇನೆ ಅತ್ತಿ ಎಂದು ಬಗ್ಗಿ ಕಾಲು ಮುಟ್ಟಿದಾಗ ಪಾರ್ವತವ್ವ ಅವಳ ಭುಜ ಹಿಡಿದು ಎಬ್ಬಿಸಿದಳು.

"ಇನ್ನ ನನ್ನ ಅತ್ತಿ ಅನಬ್ಯಾಡ. ಆ ಮಾತು ಆ ತಾಯಿಗೆ ಇರಲಿ. ಅವ್ವಾ ಅನ್ನು, ಪಾರ್ವತವ್ವಾ ಅನ್ನು, ಏನರ ಅನ್ನು."

ಜ್ಯೋತಿ ಹೂಂ ಎಂದಳು. ಯಾವ ಹೆಸರಿನಿಂದಲೂ ಆಗ ಕರೆಯಲಿಲ್ಲ. ವೇಲನ್ನು ಕೈಮೇಲೆ ಹೊದ್ದು ಓಣಿಯ ತಿರುವಿನವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದಳು.

ಮದುವೆ ಹಾನಗಲ್ಲಿನಲ್ಲಿ ವೈಶಾಖದಲ್ಲಿ ಆಯಿತು. ಕರೆಯಲು ಜ್ಯೋತಿಯೂ ತಾಯಿಯೂ ಇಬ್ಬರೇ ಬಂದಿದ್ದರು. ಜ್ಯೋತಿಯ ಕೈ ಮಾದು ತಿಳಿಯಾಗಿತ್ತು. ಜ್ಯೋತಿ ನೀರು ತರಲು ಒಳಗೆ ಹೋದಾಗ ಅವಳ ತಾಯಿ ಏನನ್ನೋ ಹೇಳಲು ಹೊರಟು ಸೆರಗಿನ ತುದಿ ಹಿಂಡಿದಳು. ಕರೆಯಲು ಬಂದು ಬರಬೇಡಿ ಎನ್ನುವ ಕಷ್ಟ ಅವಳಿಗೆ ಬೇಡವೆಂದು ಪಾರ್ವತವ್ವ ತಾನೇ, ಶುಂಠಿ ನಾಟಿಯ ದಿನ, ನಮಗೆ ಬರಲಿಕ್ಕಾಗದು ಎಂದಳು. ಸೀರೆಯೊಂದನ್ನು ಮೊದಲೇ ತಂದಿಟ್ಟಿದ್ದಳು, ಅದನ್ನು ಕೊಟ್ಟು ಕಳಿಸಿದಳು.

ಮದುವೆಯ ದಿನ ಗಂಡ ಹೆಂಡತಿ ಇಬ್ಬರೂ ನಿಜವಾಗಿಯೂ ಶುಂಠಿ ಪಟ್ಟೆಯಲ್ಲಿದ್ದರು. ಅವನು ಕುಣಿ ತೋಡುತ್ತ ಮುಂದೆ, ಅವಳು ಬೀಜ ಇಟ್ಟು ಮಣ್ಣು ಮುಚ್ಚುತ್ತ ಹಿಂದೆ. ಮುಹೂರ್ತದ ಹೊತ್ತು ದಾಟಿರಬೇಕು. ದ್ಯಾಮಪ್ಪ ಗುದ್ದಲಿಗೆ ಆತು ನಿಂತು, ಆ ಹೆಸರಿನ ಮೇಲೆ ಏನು ಬರೆದರು ಎಂದು ಕೇಳಿದ. ಶಿರಸಿಯಿಂದ ಬಂದ ಮೇಲೆ ಆ ಮಾತು ಅವನು ಎತ್ತಿದ್ದು ಅದೇ ಮೊದಲು. ಎಲೆ ಎಂದಳು ಅವಳು. ಯಾವ ಗಿಡದ್ದು ಎಂದ. ಯಾವ ಗಿಡದ್ದೂ ಅಲ್ಲ, ಸುಮ್ಮನೆ ಎಲೆ, ಚೆಂದ ಇದೆ ಎಂದಳು.

"ಹೆಸರು ಏನರ ಕಾಣತೈತೇನು?"

"ಇಲ್ರಿ. ಒಂದೀಟೂ ಕಾಣಂಗಿಲ್ಲ."

ಅವನು ಚಲೋ ಆತು ಎಂದು ತಲೆಯಾಡಿಸಿದ. ಎರಡು ಕುಣಿ ತೋಡಿದ. ಆಮೇಲೆ ಗುದ್ದಲಿಯನ್ನು ಅಲ್ಲಿಯೇ ಬಿಟ್ಟು ಹೋಗಿ ಬದುವಿನ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಪಾರ್ವತವ್ವ ಅವನನ್ನು ಕರೆಯಲಿಲ್ಲ. ಹತ್ತಿರವೂ ಹೋಗಲಿಲ್ಲ. ಗುದ್ದಲಿ ಎತ್ತಿಕೊಂಡು ಅವನು ಬಿಟ್ಟ ಸಾಲನ್ನು ತಾನೇ ತೋಡುತ್ತ, ತಾನೇ ಬೀಜ ಇಡುತ್ತ, ಅವನಾಗಿ ಎದ್ದು ಬರುವವರೆಗೆ ಕೆಲಸ ನಡೆಸಿದಳು.